ಮಸ್ಕತ್ ಬಂದರು ಮತ್ತು ನಮ್ಮ ತೆಂಗಿನ ನಾಡು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮ ಬಂಧುಬಳಗದಲ್ಲಿ ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ಒಬ್ಬರಲ್ಲ ಒಬ್ಬರು ಇದ್ದೇ ಇದ್ದಾರೆ. ಈಚಿನ ವರ್ಷಗಳಲ್ಲಿ ಉಮ್ರಾಕ್ಕೆಂದು ಗುಂಪುಗಳಲ್ಲಿ ಹೋಗುವವರೂ ಹೆಚ್ಚಾಗಿದ್ದಾರೆ. ಇವರಲ್ಲಿ ಕೆಲವರು ಒಮಾನ್ ದೇಶದ ರಾಜಧಾನಿ ಮಸ್ಕತ್ ಮಾರ್ಗವಾಗಿ ಪ್ರಯಾಣ ಮಾಡಿ, ಅಲ್ಲಿ ಒಂದೆರಡು ದಿನ ತಂಗಿ ಬರುತ್ತಾರೆ. ಹಿಂದಿರುಗಿದ ಮೇಲೆ ‘ಏನು ನೋಡಿದಿರಿ?’ ಎಂದು ಕೇಳಿದರೆ, ದೊಡ್ಡ ದೊಡ್ಡ ಅಂಗಡಿಗಳು, ಅಗಲವಾದ ರಸ್ತೆಗಳು, ಒಂದು ಭವ್ಯ ಮಸೀದಿ ಎಂಬ ಉತ್ತರ ಬರುತ್ತದೆ. ಆ ಊರಿಗೂ ನಮ್ಮ ನಾಡಿಗೂ ಇರುವ ಹಳೆಯ ನಂಟಿನ ಮಾತು ಬರುವುದಿಲ್ಲ. ಆ ನಂಟನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಾನೂ ಅಂತಹ ಒಂದು ಗುಂಪಿನಲ್ಲಿದ್ದೆ. ನಮ್ಮನ್ನು ಕರೆದೊಯ್ದ ಸಂಸ್ಥೆಯವರ ಪ್ರಕಾರ ‘ನಗರ ದರ್ಶನ’ ಎಂದರೆ ಒಂದು ಮಾಲ್‌ನಲ್ಲಿ ಮೂರು ಗಂಟೆ, ಒಂದು ಅತ್ತರಿನ ಅಂಗಡಿಯಲ್ಲಿ ಒಂದು ಗಂಟೆ. ಊಟಕ್ಕೆಂದು ಬಸ್ಸು ಬೆಟ್ಟಗಳ ಆಚೆಯ ಅಲ್ ಬುಸ್ತಾನ್ ಎಂಬ ಕಡೆಗೆ ಹೋಗುವಾಗ, ರಸ್ತೆಯ ವೃತ್ತದ ನಡುವೆ ಒಂದು ಹಳೆಯ ಕಾಲದ ಮರದ ಹಡಗು ನಿಂತಿರುವುದು ಕಂಡಿತು. ಅದೇನೆಂದು ಕೇಳಿದ್ದಕ್ಕೆ ಚಾಲಕರು ಉರ್ದುವಿನಲ್ಲಿ ಹೇಳಿದರು: ‘ಅದು ಚೀನಾಕ್ಕೆ ಹೋಗಿ ಬಂದ ಹಡಗು ಸಾಹೇಬ್. ಒಂದು ಮೊಳೆಯೂ ಇಲ್ಲ. ನಾರಿಯಲ್ ಹಗ್ಗದಲ್ಲಿ ಹೊಲಿದದ್ದು.’ ಬಸ್ಸಿನಲ್ಲಿದ್ದವರೆಲ್ಲ ತೆಂಗಿನ ತೋಟದವರು, ಕೊಬ್ಬರಿ ಮಂಡಿಯವರು, ನಾರಿನ ಕಾರ್ಖಾನೆಯಲ್ಲಿ ದುಡಿದವರು. ಆದರೂ ‘ಸ್ವಲ್ಪ ನಿಲ್ಲಿಸಿ’ ಎಂದು ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ಪುಸ್ತಕಗಳನ್ನು ಹುಡುಕಿ ಓದಿದಾಗ ನಾವು ಏನನ್ನು ಕಿಟಕಿಯಿಂದ ನೋಡಿ ಮುಂದೆ ಹೋದೆವು ಎಂಬುದು ತಿಳಿಯಿತು.

ಆ ಹಡಗಿನ ಹೆಸರು ‘ಸೊಹಾರ್’. ಟಿಮ್ ಸೆವೆರಿನ್ ಎಂಬ ಸಾಹಸಿ ಲೇಖಕರು, ಸುಲ್ತಾನ್ ಖಾಬೂಸ್ ಅವರ ನೆರವಿನಿಂದ, ಪ್ರಾಚೀನ ಅರಬ್ಬರು ಕಟ್ಟುತ್ತಿದ್ದ ರೀತಿಯಲ್ಲೇ ಇದನ್ನು ಒಮಾನಿನ ಸೂರ್ ಎಂಬ ಊರಿನಲ್ಲಿ ಕಟ್ಟಿಸಿದರು. ಮರ ಬಂದದ್ದು ಮಲಬಾರಿನಿಂದ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ನೂರಾರು ಕಿಲೋಮೀಟರ್ ಉದ್ದದ ಕತ್ತದ ಹುರಿಯಿಂದ ಒಂದಕ್ಕೊಂದನ್ನು ಹೊಲಿಯಲಾಯಿತು. ಹೊಲಿಗೆಯ ಕೆಲಸಕ್ಕೆ ಲಕ್ಷದ್ವೀಪದ ಕುಶಲಿಗಳು ಹೋಗಿದ್ದರು. 1980ರ ನವೆಂಬರ್‌ನಲ್ಲಿ ಮಸ್ಕತ್ ಬಿಟ್ಟ ಹಡಗು 1981ರ ಜುಲೈನಲ್ಲಿ ಚೀನಾದ ಕ್ಯಾಂಟನ್ ಬಂದರನ್ನು ತಲುಪಿತು. ಮನೆಯಲ್ಲಿ ನೀರು ಸೇದಲು, ದನ ಕಟ್ಟಲು ನಾವು ಬಳಸುವ ಹಗ್ಗದ ಮೇಲೆ ಎಂಟು ತಿಂಗಳ ಸಮುದ್ರಯಾನ ನಡೆಯಿತೆಂದರೆ ಆಶ್ಚರ್ಯವಾಗುವುದಿಲ್ಲವೇ?

ಇದು ಒಬ್ಬ ಸಾಹಸಿಯ ಹವ್ಯಾಸವೆಂದು ತಿಳಿಯಬೇಡಿ. ಸಾವಿರ ವರ್ಷಗಳ ಹಿಂದೆ ಅರಬ್ಬೀ ಸಮುದ್ರದ ಹಡಗುಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇದ್ದವು. ಹತ್ತನೆಯ ಶತಮಾನದ ಲೇಖಕ ಅಬೂ ಝೈದ್ ಅಲ್ ಸೀರಾಫಿ ಒಂದು ಸೊಗಸಾದ ಸಂಗತಿಯನ್ನು ಬರೆದಿದ್ದಾರೆ. ಒಮಾನಿನ ಬಡಗಿಗಳು ಉಪಕರಣಗಳನ್ನು ಹೊತ್ತು ತೆಂಗು ಬೆಳೆಯುವ ದ್ವೀಪಗಳಿಗೆ ಹೋಗುತ್ತಿದ್ದರಂತೆ. ತೆಂಗಿನ ಮರ ಕಡಿದು ಒಣಗಿಸಿ ಹಲಗೆ ಮಾಡುವುದು, ನಾರಿನಿಂದ ಹುರಿ ಹೊಸೆದು ಹಲಗೆ ಹೊಲಿಯುವುದು, ಕಾಂಡದಿಂದಲೇ ಪಟದ ಕಂಬ, ಗರಿಯಿಂದಲೇ ಪಟ, ನಾರಿನಿಂದಲೇ ಲಂಗರಿನ ಹಗ್ಗ. ಹಡಗು ಸಿದ್ಧವಾದ ಮೇಲೆ ಅದರ ತುಂಬ ತೆಂಗಿನಕಾಯಿ ತುಂಬಿಕೊಂಡು ಒಮಾನಿಗೆ ಹಿಂದಿರುಗಿ ಮಾರುವುದು. ಕಲ್ಪವೃಕ್ಷ ಎಂಬ ಮಾತನ್ನು ನಾವು ಎಷ್ಟೋ ಸಭೆಗಳಲ್ಲಿ ಕೇಳಿದ್ದೇವೆ. ಅದಕ್ಕೆ ಇಷ್ಟು ಪೂರ್ತಿಯಾದ ಸಾಕ್ಷಿಯನ್ನು ನಾನು ಬೇರೆಲ್ಲೂ ಓದಿಲ್ಲ.

ಹಾಗೆಂದು ನಮ್ಮ ತಿಪಟೂರಿನ ಕಾಯಿಯೇ ಅಂದು ಮಸ್ಕತ್‌ಗೆ ಹೋಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅಭಿಮಾನಕ್ಕಾಗಿ ಇತಿಹಾಸವನ್ನು ಎಳೆಯಬಾರದು. ಹಡಗಿನ ಹುರಿಗೆ ಬೇಕಾದ ನಾರು ಬರುತ್ತಿದ್ದುದು ಕರಾವಳಿಯಿಂದ, ಲಕ್ಷದ್ವೀಪದಿಂದ, ಮಾಲ್ದೀವ್ಸ್‌ನಿಂದ. ಅದಕ್ಕೆ ಕಾರಣವೂ ಉಂಟು. ಎಳೆಯದಾಗಿರುವಾಗಲೇ ಕಾಯಿ ಕಿತ್ತು, ಅದರ ಮಟ್ಟೆಯನ್ನು ಹಿನ್ನೀರಿನ ಉಪ್ಪು ಕೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದರೆ ಮೃದುವಾದ ಬಿಳಿ ನಾರು ಸಿಗುತ್ತದೆ. ನಾವು ಕಾಯಿಯನ್ನು ಅಟ್ಟದ ಮೇಲೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ತಿಂಗಳುಗಟ್ಟಲೆ ಕಾಯುವವರು. ನಮ್ಮ ಉಂಡೆ ಕೊಬ್ಬರಿಗೆ ಅದೇ ದಾರಿ; ಆದರೆ ಆ ಒಣ ಮಟ್ಟೆಯಿಂದ ಬರುವುದು ಒರಟು ಕಂದು ನಾರು. ಮರ ಒಂದೇ, ಬದುಕು ಬೇರೆ ಬೇರೆ.

ಆದರೆ ಕರಾವಳಿಗೆ ಹೋಗುವ ದಾರಿ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. ತುಮಕೂರಿನಿಂದ ತಿಪಟೂರು, ಅರಸೀಕೆರೆ, ಶಿವಮೊಗ್ಗ ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ (ಹಿಂದೆ 206) ಕೊನೆಗೊಳ್ಳುವುದು ಹೊನ್ನಾವರದಲ್ಲಿ. ಹದಿನಾಲ್ಕನೆಯ ಶತಮಾನದ ವಿಶ್ವಪ್ರವಾಸಿ ಇಬ್ನ್ ಬತೂತಾ 1340ರ ದಶಕದಲ್ಲಿ ಇದೇ ಹೊನ್ನಾವರದಲ್ಲಿ ತಂಗಿದ್ದರು. ಆ ಊರಿನ ಬಗ್ಗೆ ಅವರು ದಾಖಲಿಸಿದ ಒಂದು ವಿಷಯ ನಮ್ಮಂತಹ ವಿದ್ಯಾಸಂಸ್ಥೆಯ ಪತ್ರಿಕೆಯಲ್ಲಿ ಬರಲೇಬೇಕು: ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವು, ಇಂತಹುದನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು, ಜಗತ್ತು ಸುತ್ತಿದ ಆ ಮನುಷ್ಯ ಬರೆದಿದ್ದಾರೆ.

ಇದೇ ಇಬ್ನ್ ಬತೂತಾ ಅದಕ್ಕೂ ಮೊದಲು ಒಮಾನಿನ ದಕ್ಷಿಣ ತುದಿಯಲ್ಲಿರುವ ಧೋಫಾರ್ ಸೀಮೆಯನ್ನು ನೋಡಿದ್ದರು. ಅಲ್ಲಿ ತೆಂಗು ಮತ್ತು ವೀಳ್ಯದೆಲೆ ಬೆಳೆಯುವುದನ್ನು ಕಂಡು, ಭಾರತವನ್ನು ಬಿಟ್ಟರೆ ಇವು ಇಲ್ಲಿ ಮಾತ್ರ ಎಂದು ಬೆರಗಾದರು. ತೆಂಗಿನಕಾಯಿಗೆ ಅವರು ಬಳಸುವ ಹೆಸರು ‘ಜೌಝ್ ಅಲ್ ಹಿಂದ್’, ಅಂದರೆ ಹಿಂದೂಸ್ತಾನದ ಕಾಯಿ. ಅದಕ್ಕೆ ಮನುಷ್ಯನ ತಲೆಯಂತೆ ಎರಡು ಕಣ್ಣು, ಒಂದು ಬಾಯಿ, ಮೇಲೆ ಕೂದಲಿನಂತಹ ನಾರು ಎಂದು ವರ್ಣಿಸಿ, ಆ ನಾರಿನಿಂದ ಹಡಗು ಹೊಲಿಯುವರೆಂದು ಹೇಳುತ್ತಾರೆ. ಕಬ್ಬಿಣದ ಮೊಳೆಯ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ನಾರಿನಿಂದ ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ ಎಂಬ ವಿವರಣೆಯೂ ಅವರದೇ. ಧೋಫಾರಿನ ಮುಖ್ಯ ಪಟ್ಟಣ ಸಲಾಲಾದಲ್ಲಿ ಇಂದಿಗೂ ತೆಂಗಿನ ತೋಪುಗಳಿವೆ. ರಸ್ತೆ ಬದಿಯ ಗೂಡಂಗಡಿಗಳಲ್ಲಿ ಎಳನೀರು ಕೊಚ್ಚಿ ಕೊಡುತ್ತಾರೆ. ತೆಂಗಿಗೆ ಅವರು ‘ನಾರ್ಜೀಲ್’ ಎನ್ನುತ್ತಾರೆ. ಮನೆಯಲ್ಲಿ ನಾರಿಯಲ್ ಎನ್ನುವ ನಮಗೆ ಅರ್ಥವಾಗಲು ದುಭಾಷಿ ಬೇಕಿಲ್ಲ. ಸಲಾಲಾ ಮಸ್ಕತ್‌ನಿಂದ ಸುಮಾರು ಸಾವಿರ ಕಿಲೋಮೀಟರ್ ದೂರ. ಒಂದೆರಡು ದಿನದ ಗುಂಪಿಗೆ ಆಗುವ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರಿನ ತುಂತುರು ಬಿದ್ದು ಬೆಟ್ಟಗಳೆಲ್ಲ ಹಸಿರಾಗುತ್ತವೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಇನ್ನು ಮಸ್ಕತ್ ನಗರಕ್ಕೆ ಬರೋಣ. ಇಲ್ಲಿ ನೋಡಬೇಕಾದ ಹಳೆಯ ಭಾಗಗಳು ಎರಡು: ಮತ್ರಾ ಎಂಬ ಬಂದರು ಪೇಟೆ, ಮತ್ತು ಅದರ ಪಕ್ಕದ ಹಳೆಯ ಮಸ್ಕತ್ ಕೋಟೆ ಊರು. ಎರಡನ್ನೂ ಸಮುದ್ರದ ಅಂಚಿನ ರಸ್ತೆ ಸೇರಿಸುತ್ತದೆ. ಮತ್ರಾದ ಸೂಕ್, ಅಂದರೆ ಮುಚ್ಚುಮಾಡಿನ ಹಳೆಯ ಪೇಟೆ, ಸಂಜೆ ಹೊತ್ತಿನಲ್ಲಿ ನೋಡಲು ಚೆನ್ನ. ಖಂಜರ್, ಬೆಳ್ಳಿ, ಹಲ್ವ, ಬಟ್ಟೆ, ಇವುಗಳ ನಡುವೆ ಲುಬಾನ್ ಹೊಗೆ. ನಮ್ಮ ಕಡೆ ಲೋಬಾನ ಎನ್ನುವ ಹೆಸರು ಬಂದದ್ದು ಇದೇ ಅರಬ್ಬೀ ಪದದಿಂದ. ಅಂಗಡಿಯವರಲ್ಲಿ ಬಹಳ ಮಂದಿಗೆ ಹಿಂದಿ, ಉರ್ದು ಬರುತ್ತದೆ. ಇದು ಇಂದು ನಿನ್ನೆಯ ಮಾತಲ್ಲ. ಸಿಂಧ್ ಮತ್ತು ಕಚ್ ಕಡೆಯಿಂದ ಬಂದ ಮುಸ್ಲಿಂ ಹಾಗೂ ಹಿಂದೂ ವರ್ತಕರು ಶತಮಾನಗಳಿಂದ ಇಲ್ಲಿ ನೆಲೆಸಿದ್ದಾರೆ. ಮತ್ರಾದ ಕಡಲಂಚಿನಲ್ಲಿ ಗೋಡೆಯೊಳಗಿನ ಒಂದು ವಸತಿ ಇದೆ. ಅದು ಲವಾತಿಯಾ ಎಂಬ ಸಮುದಾಯದವರದು. ಜನ ವಾಸವಿರುವ ಮನೆಗಳಾದ್ದರಿಂದ ಗುಂಪಾಗಿ ಒಳಗೆ ನುಗ್ಗುವುದು ಸಭ್ಯತೆಯಲ್ಲ. ಒಮಾನಿನ ಚಿಲ್ಲರೆ ಕಾಸಿನ ಹೆಸರು ಬೈಸಾ; ಅದು ನಮ್ಮ ಪೈಸೆಯೇ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಗಲ್ಫ್ ದೇಶಗಳಿಗೆಂದೇ ಪ್ರತ್ಯೇಕ ರೂಪಾಯಿ ನೋಟು ಹೊರಡಿಸಿತ್ತು. 1970ರಲ್ಲಿ ತನ್ನದೇ ನಾಣ್ಯಪದ್ಧತಿ ಬರುವವರೆಗೆ ಮಸ್ಕತ್‌ನಲ್ಲಿ ಆ ರೂಪಾಯಿ ನಡೆಯುತ್ತಿತ್ತು.

ಹಳೆಯ ಮಸ್ಕತ್‌ನ ಬಂದರಿನ ಎರಡು ಬದಿಯ ಬಂಡೆಗಳ ಮೇಲೆ ಜಲಾಲಿ, ಮಿರಾನಿ ಎಂಬ ಎರಡು ಕೋಟೆಗಳು ಕಾವಲು ನಿಂತಂತೆ ಇವೆ. 1507ರಲ್ಲಿ ಊರನ್ನು ಹಿಡಿದ ಪೋರ್ಚುಗೀಸರು 1580ರ ದಶಕದಲ್ಲಿ ಇವುಗಳಿಗೆ ಈಗಿನ ರೂಪ ಕೊಟ್ಟರು. 1650ರಲ್ಲಿ ಒಮಾನಿಗಳು ಅವರನ್ನು ಓಡಿಸಿದರು. ಬಂದರಿನ ಬಂಡೆಗಳ ಮೇಲೆ ಬಿಳಿ ಬಣ್ಣದಲ್ಲಿ ಹಡಗುಗಳ ಹೆಸರು ಬರೆದಿರುವುದನ್ನು ಕಾಣುವಿರಿ. ಲಂಗರು ಹಾಕಿ ಬೇಸರ ಕಳೆಯುತ್ತಿದ್ದ ನಾವಿಕರು ತಮ್ಮ ಹಡಗಿನ ಹೆಸರನ್ನು ಬಂಡೆಯ ಮೇಲೆ ಬರೆಯುವುದು ವಾಡಿಕೆಯಾಗಿತ್ತು. ಗುಂಪಿನಲ್ಲಿ ಬಂದ ಪರದೇಶಿಗರು ಹೊತ್ತು ಕಳೆದ ರೀತಿ ಅದು. ಇನ್ನೊಂದು ಸಂಗತಿ: 1970ರವರೆಗೂ ಈ ಊರಿನ ಬಾಗಿಲುಗಳನ್ನು ರಾತ್ರಿ ಮುಚ್ಚಲಾಗುತ್ತಿತ್ತು. ಆಮೇಲೆ ಬೀದಿಯಲ್ಲಿ ನಡೆಯುವವರು ಕೈಯಲ್ಲಿ ಲಾಂದ್ರ ಹಿಡಿದಿರಬೇಕೆಂಬ ನಿಯಮವಿತ್ತು.

ಕೋಟೆಗಳನ್ನು ತೋರಿಸಿದ ಮಾರ್ಗದರ್ಶಿ ನಮಗೆ ಪೋರ್ಚುಗೀಸರ ಕಥೆಯನ್ನು ಉತ್ಸಾಹದಿಂದ ಹೇಳಿದರು. ಮೈಸೂರಿನ ಮಾತೇ ಬರಲಿಲ್ಲ. ಅವರನ್ನು ದೂರಿ ಫಲವಿಲ್ಲ; ಕೇಳಿಸಿಕೊಳ್ಳುತ್ತಿದ್ದ ನಮಗೇ ತಿಳಿದಿರಲಿಲ್ಲ. ನಿಜ ಏನೆಂದರೆ, ಇನ್ನೂರ ನಲವತ್ತು ವರ್ಷಗಳ ಹಿಂದೆ ಇದೇ ಬಂದರಿಗೆ ಮೈಸೂರು ರಾಜ್ಯದಿಂದ ಒಂದು ದೊಡ್ಡ ಗುಂಪು ಬಂದಿಳಿದಿತ್ತು.

ಹಜರತ್ ಟಿಪ್ಪು ಸುಲ್ತಾನ್ ಶಹೀದರ ಯುದ್ಧಗಳ ಬಗ್ಗೆ ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅವರ ವ್ಯಾಪಾರದ ಬಗ್ಗೆ ಓದುವುದು ಕಡಿಮೆ. ಮಸ್ಕತ್ ಸುತ್ತ ಬೆಟ್ಟ ಮತ್ತು ಮರಳು; ಭತ್ತ ಬೆಳೆಯುವ ನೆಲವಲ್ಲ. ಅವರ ಅಕ್ಕಿ ಬಹುಪಾಲು ಮಂಗಳೂರಿನಿಂದ ಹೋಗುತ್ತಿತ್ತು. 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾಗಿ, ಅದಕ್ಕೂ ಮೊದಲೇ ಇಂಗ್ಲಿಷರಿಂದ ಮರಳಿ ಬಂದಿದ್ದ ಆ ಬಂದರು ಸುಲ್ತಾನರಲ್ಲೇ ಉಳಿದ ಮೇಲೆ ಈ ವ್ಯಾಪಾರ ಇನ್ನಷ್ಟು ಬಲವಾಯಿತು. ಸುಲ್ತಾನರು ಮಸ್ಕತ್‌ನಲ್ಲಿ ಮೈಸೂರು ಸರ್ಕಾರದ ಒಂದು ವ್ಯಾಪಾರದ ಕೋಠಿಯನ್ನು ನಡೆಸಿದರು. ಅದರ ದರೋಗ ಮೀರ್ ಕಾಝಿಮ್. ಮಸ್ಕತ್‌ನ ಅರಸರೊಡನೆ ಸುಂಕದಲ್ಲಿ ಪರಸ್ಪರ ರಿಯಾಯಿತಿಯ ಏರ್ಪಾಡೂ ಆಯಿತು. ಇಲ್ಲಿಂದ ಅಕ್ಕಿ, ಗಂಧದ ಮರ, ಮೆಣಸು, ಏಲಕ್ಕಿ. ಅಲ್ಲಿಂದ ಕುದುರೆ, ಗಂಧಕ, ಕಲ್ಲುಪ್ಪು, ಕೇಸರಿ, ಪಿಸ್ತಾ.

ಮೀರ್ ಕಾಝಿಮ್‌ರಿಗೆ ಸುಲ್ತಾನರು ಬರೆದ ಪತ್ರಗಳು 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಅಚ್ಚುಹಾಕಿಸಿದ ಪತ್ರಸಂಗ್ರಹದಲ್ಲಿವೆ. ಅವುಗಳನ್ನು ಓದಿದರೆ ಒಬ್ಬ ದೊರೆಯ ದನಿಗಿಂತ, ಲೆಕ್ಕ ಕೇಳುವ ಮಂಡಿ ಯಜಮಾನರ ದನಿ ಕೇಳಿಸುತ್ತದೆ. ಯಾವ ಸರಕನ್ನು ಯಾವಾಗ ಮಾರಬೇಕು, ಯಾವುದನ್ನು ಕೊಂಡು ಕಳುಹಿಸಬೇಕು ಎಂಬ ಆಜ್ಞೆಗಳು. ಜೊತೆಗೆ, ಹಡಗು ಕಟ್ಟುವವರನ್ನು ಕಳುಹಿಸಿ, ರೇಷ್ಮೆ ಹುಳು ಮತ್ತು ಅದರ ಮೊಟ್ಟೆಗಳನ್ನು ಕಳುಹಿಸಿ ಎಂಬ ಬೇಡಿಕೆಗಳು. ರೇಷ್ಮೆ ಹುಳುವನ್ನು ಅವರು ಬಂಗಾಳದಿಂದಲೂ ತರಿಸಿದರು. ಹಿಪ್ಪುನೇರಳೆ ಬೆಳೆಯುವ ನಮ್ಮ ಜಿಲ್ಲೆಯ ರೈತರಿಗೆ ಈ ಪತ್ರಗಳು ದೂರದ ಇತಿಹಾಸವಲ್ಲ.

ಈಗ ಆ ಗುಂಪಿನ ಕಥೆ. 1785ರ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದಿಂದ ಒಂದು ರಾಯಭಾರ ತಂಡ ಹೊರಟಿತು. ಇಸ್ತಾಂಬುಲ್‌ನ ಉಸ್ಮಾನೀ ಸುಲ್ತಾನರನ್ನು ಕಂಡು, ಇಂಗ್ಲಿಷರ ವಿರುದ್ಧ ನೆರವು, ಬಸ್ರಾ ಬಂದರಿನಲ್ಲಿ ವ್ಯಾಪಾರದ ಹಕ್ಕು, ಕುಶಲಕರ್ಮಿಗಳು, ಇವೆಲ್ಲವನ್ನು ಪಡೆಯುವುದು ಉದ್ದೇಶ. ಮುಖಂಡರು ನಾಲ್ವರು: ಗುಲಾಮ್ ಅಲಿ ಖಾನ್, ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್. ಅವರೊಡನೆ ಸಿಪಾಯಿಗಳು, ಗುಮಾಸ್ತರು, ಅಡಿಗೆಯವರು, ಕಸ ಗುಡಿಸುವವರು ಸೇರಿ ಸುಮಾರು 900 ಮಂದಿ. 1786ರ ಮಾರ್ಚ್‌ನಲ್ಲಿ ಗೋಕರ್ಣದ ಬಳಿಯ ತದಡಿ ಬಂದರಿನಲ್ಲಿ ನಾಲ್ಕು ಹಡಗುಗಳನ್ನು ಹತ್ತಿದರು. ಗಂಧ, ಮೆಣಸು, ಏಲಕ್ಕಿ, ಬಟ್ಟೆಗಳ ಜೊತೆ ನಾಲ್ಕು ಆನೆಗಳೂ ಹಡಗೇರಿದ್ದವು! ಏಪ್ರಿಲ್‌ನಲ್ಲಿ ಮಸ್ಕತ್ ತಲುಪಿ, ಅಲ್ಲಿ ತಂಗಿ, ಆಮೇಲೆ ಬುಷೇರ್ ಮಾರ್ಗವಾಗಿ ಬಸ್ರಾಕ್ಕೆ ಮುಂದುವರಿದರು.

ಏಪ್ರಿಲ್ ಹೊತ್ತಿಗೆ ಮಸ್ಕತ್‌ನ ಬಂಡೆಗಳು ಕಾದ ಹೆಂಚಿನಂತಾಗಿರುತ್ತವೆ. ಹವಾನಿಯಂತ್ರಿತ ಬಸ್ಸಿನಲ್ಲಿ ಕೂತು ‘ಸೆಖೆ’ ಎಂದು ಗೊಣಗುತ್ತಿದ್ದ ನಮ್ಮ ಗುಂಪು ನೆನಪಾಗಿ, ಆ 900 ಮಂದಿಯನ್ನು ನಾನು ಯೋಚಿಸಿದೆ. ಮಳೆನಾಡಿನ ದಾರಿಯಲ್ಲಿ ಇಳಿದು ಬಂದವರು, ಅವರಲ್ಲಿ ಎಷ್ಟೋ ಮಂದಿ ಅದೇ ಮೊದಲು ಸಮುದ್ರ ಕಂಡಿರಬೇಕು. ಮುಂದೆ ಅವರ ಒಂದು ಹಡಗು ಬೆಂಕಿಗೆ ಆಹುತಿಯಾಯಿತು. ರೋಗ, ಚಳಿ, ಪ್ಲೇಗ್ ಒಬ್ಬೊಬ್ಬರನ್ನಾಗಿ ಕೊಂಡೊಯ್ದವು. 1787ರಲ್ಲಿ ಇಸ್ತಾಂಬುಲ್ ಮುಟ್ಟಿದ ರಾಯಭಾರಕ್ಕೆ ಗೌರವ ಸಿಕ್ಕಿತು, ಉಡುಗೊರೆ ಸಿಕ್ಕಿತು. ಕೇಳಿದ ಸೈನ್ಯದ ನೆರವು ಸಿಗಲಿಲ್ಲ. ಹಜ್ ಮುಗಿಸಿಕೊಂಡು ನಾಡಿಗೆ ಹಿಂದಿರುಗಿದವರು ಹೊರಟವರಲ್ಲಿ ಕೆಲವೇ ಕೆಲವರು. ಉಳಿದವರ ಹೆಸರುಗಳು ನಮಗೆ ಉಳಿದಿಲ್ಲ. ಅವರಲ್ಲಿ ನಮ್ಮ ಸೀಮೆಯವರೂ ಇದ್ದರೇ? ಆಗ ನಮ್ಮ ಮೂರೂ ಊರುಗಳು ಮೈಸೂರು ರಾಜ್ಯದಲ್ಲೇ ಇದ್ದವು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಪ್ರಯಾಣದ ದಿನಚರಿ ಉಳಿದುಬಂದಿದೆ. ತಂಡದ ಜೊತೆಗಿದ್ದ ಖ್ವಾಜಾ ಅಬ್ದುಲ್ ಖಾದಿರ್ ಅದನ್ನು ಪಾರ್ಸಿಯಲ್ಲಿ ಬರೆದರು. ‘ವಖಾಯೆ ಮನಾಝಿಲೆ ರೂಮ್’ ಎಂಬ ಅದನ್ನು ಇತಿಹಾಸಕಾರ ಪ್ರೊ. ಮೊಹಿಬ್ಬುಲ್ ಹಸನ್ ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು. ಅದನ್ನು ಮೂಲದಲ್ಲಿ ಓದಲು ಪಾರ್ಸಿ ಬರಬೇಕು. ನಮ್ಮ ಅಜ್ಜಂದಿರಲ್ಲಿ ಗುಲಿಸ್ತಾನ್, ಬೋಸ್ತಾನ್ ಓದಿದವರಿದ್ದರು. ನನಗೆ ಬರುವುದಿಲ್ಲ, ನನ್ನ ಮಕ್ಕಳಿಗೂ ಬರುವುದಿಲ್ಲ. ಇಂಜಿನಿಯರ್, ಡಾಕ್ಟರ್ ಆಗಬೇಕೆನ್ನುವ ಮಕ್ಕಳ ನಡುವೆ ಒಬ್ಬರಾದರೂ ಈ ಭಾಷೆ ಕಲಿತು, ನಮ್ಮದೇ ಜನ ಅರಬ್ಬೀ ತೀರದಲ್ಲಿ ಕಂಡದ್ದನ್ನು ಕನ್ನಡದಲ್ಲಿ ನಮಗೆ ಓದಿಹೇಳಬಾರದೇ ಎಂಬ ಆಸೆ ನನ್ನದು.

ಮೈಸೂರು–ಮಸ್ಕತ್ ನಂಟು ಮುಗಿದ ಬಗೆಯೂ ತಿಳಿಯತಕ್ಕದ್ದು. 1798ರ ಅಕ್ಟೋಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮಸ್ಕತ್‌ನ ಅರಸರೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿ ಫ್ರೆಂಚರಿಗೆ ಬಾಗಿಲು ಮುಚ್ಚಿಸಿದರು. ಮೂರು ತಿಂಗಳ ನಂತರ, 1799ರ ಜನವರಿ 25ರಂದು, ಈಜಿಪ್ಟಿನಲ್ಲಿದ್ದ ನೆಪೋಲಿಯನ್ ಟಿಪ್ಪು ಸುಲ್ತಾನರಿಗೆ ಒಂದು ಪತ್ರ ಬರೆದನು. ಅದನ್ನು ಮೈಸೂರಿಗೆ ತಲುಪಿಸುವಂತೆ ಕೋರಿ ಮಸ್ಕತ್‌ನ ಅರಸರಿಗೆ ಬರೆದ ಇನ್ನೊಂದು ಪತ್ರದೊಂದಿಗೆ ಕಳುಹಿಸಿದನು. ಎರಡೂ ಪತ್ರಗಳು ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕವು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಸುಲ್ತಾನರು ಹುತಾತ್ಮರಾದರು.

ಕಾಕತಾಳೀಯವೆನ್ನಿ, ಮಸ್ಕತ್‌ನ ಸುಲ್ತಾನ್ ಖಾಬೂಸ್ ದೊಡ್ಡ ಮಸೀದಿಯ ಉದ್ಘಾಟನೆಯಾದದ್ದೂ ಒಂದು ಮೇ 4ರಂದೇ, 2001ನೇ ಇಸವಿಯಲ್ಲಿ. ಇದನ್ನು ಯಾವ ಗುಂಪೂ ಬಿಡುವುದಿಲ್ಲವಾದ್ದರಿಂದ ಹೆಚ್ಚು ಬರೆಯುವುದಿಲ್ಲ. ಮುಖ್ಯ ಪ್ರಾರ್ಥನಾ ಮಂದಿರದಲ್ಲಿ 6,500 ಮಂದಿ ಒಟ್ಟಿಗೆ ನಮಾಝ್ ಮಾಡಬಹುದು. ಮಹಿಳೆಯರಿಗೆ ಪ್ರತ್ಯೇಕ ಮುಸಲ್ಲಾ ಇದೆ. ನೆಲಕ್ಕೆ ಹಾಸಿರುವ 21 ಟನ್ ತೂಕದ ಒಂದೇ ಜಮಖಾನೆಯನ್ನು ಇರಾನಿನ ಸುಮಾರು 600 ಹೆಂಗಸರು ನಾಲ್ಕು ವರ್ಷ ನೇಯ್ದರು. ಎಲ್ಲರೂ ಜಮಖಾನೆ ಮತ್ತು ದೀಪದ ಗೊಂಚಲನ್ನು ನೋಡುತ್ತಾರೆ. ತಾವು ಗೋಡೆಯನ್ನೂ ಮುಟ್ಟಿ ನೋಡಿ. ಅದು ಭಾರತದ ಮರಳುಗಲ್ಲು, ಮೂರು ಲಕ್ಷ ಟನ್.

ಹೋಗುವವರಿಗೆ ಒಂದೆರಡು ಮಾತು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತವಾಗಿರುತ್ತದೆ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ; ಶುಕ್ರವಾರ ಬೆಳಿಗ್ಗೆ ಸೂಕ್‌ನಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಉಳಿದ ದಿನಗಳಲ್ಲೂ ಮಧ್ಯಾಹ್ನ ಬಿಡುವು ಉಂಟು. ಬೆಳಿಗ್ಗೆ ಮಸೀದಿ, ಬಿಸಿಲಿನ ಹೊತ್ತಿಗೆ ಹಳೆಯ ಮಸ್ಕತ್‌ನಲ್ಲಿ 2016ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಅಸರ್ ನಂತರ ಮತ್ರಾದ ಕಡಲಂಚು ಎಂದಿಟ್ಟುಕೊಂಡರೆ ವಯಸ್ಸಾದವರಿಗೂ ಆಯಾಸವಾಗದು. ಮಾಲ್ ಬೇಡವೆಂದಲ್ಲ, ಮಕ್ಕಳು ಕೇಳಿದರೆ ರಾತ್ರಿ ಒಂದು ಗಂಟೆ ಸಾಕು. ಇವೆಲ್ಲವನ್ನು ಹೊರಡುವ ಮೊದಲೇ, ಹಣ ಕಟ್ಟುವ ಮೊದಲೇ, ಕರೆದೊಯ್ಯುವವರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ನಾವು ಬರೆಸಿಕೊಂಡಿರಲಿಲ್ಲ.

ಮತ್ತೆ ಆ ಹೊಲಿದ ಹಡಗು. ಅಂತಹ ಇನ್ನೊಂದನ್ನು ನಮ್ಮ ನೌಕಾಪಡೆಯೇ ಈಚೆಗೆ ಕಟ್ಟಿಸಿದೆ. ಅಜಂತಾದ ಒಂದು ಚಿತ್ರವನ್ನು ಆಧರಿಸಿ, ಕೇರಳದ ಕುಶಲಿಗಳು ಕತ್ತದ ಹುರಿಯಿಂದ ಹೊಲಿದ ‘ಕೌಂಡಿನ್ಯ’ ಎಂಬ ಆ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದೇ ಡಿಸೆಂಬರ್ ಕೊನೆಯಲ್ಲಿ ಗುಜರಾತಿನ ಪೋರಬಂದರಿನಿಂದ ಪಟ ಬಿಚ್ಚಿ ತನ್ನ ಮೊದಲ ದೂರಪ್ರಯಾಣಕ್ಕೆ ಹೊರಟಿತು. ಹೊರಟದ್ದು ಮಸ್ಕತ್‌ಗೆ.

ಅಲ್ ಬುಸ್ತಾನ್ ವೃತ್ತ ಹಳೆಯ ಮಸ್ಕತ್ ದಾಟಿ ಸ್ವಲ್ಪ ಮುಂದೆ, ಅದೇ ಹೆಸರಿನ ಅರಮನೆ ಹೋಟೆಲಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಚಾಲಕರಿಗೆ ಮೊದಲೇ ಹೇಳಿಟ್ಟರೆ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ.